ಚೆಂಬೂರಿನ ಆ ಫೋನು ಸದಾ ಎಂಗೇಜ್

ಎರಡು ಸಾವಿರದ ಒಂದನೆಯ ಇಸವಿ. ಮನೆಯಲ್ಲಿ ಇಂಟರ್ನೆಟ್ ಬೇಕೆಂದರೆ ಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ಡಯಲ್ ಮಾಡಬೇಕಿದ್ದ ಕಾಲ ಅದು. ಮೊದಲು ಕೀ ಕೀ ಎಂದು ಕಿರುಚುತ್ತಿತ್ತು, ಆಮೇಲೆ ಗರಗರ ಸದ್ದು. ಕೊನೆಗೆ ಸುಮ್ಮನಾದರೆ ಲೈನ್ ಸಿಕ್ಕಿತೆಂದು ಅರ್ಥ. ಒಮ್ಮೆ ಸಿಕ್ಕಿತೆಂದರೆ ಅದನ್ನು ಬಿಡುವ ತನಕ ಆ ಮನೆಗೆ ಬೇರೆ ಫೋನ್ ಬರುವಂತಿರಲಿಲ್ಲ. ಯಾರು ಮಾಡಿದರೂ ಎಂಗೇಜ್. ಈಗ ಇದನ್ನು ನನ್ನ ಮಗಳಿಗೆ ಹೇಳಿದರೆ ನಾನೇನೋ ಎತ್ತಿನ ಗಾಡಿಯ ಕಾಲದವಳು ಎಂಬಂತೆ ನೋಡುತ್ತಾಳೆ.

ನಾನಾಗ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ, ಒಂದು ಉಡುಪಿ ಹೋಟೆಲಿನ ಮೇಲಿನ ಮಾಳಿಗೆಯಲ್ಲಿದ್ದ ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದು ಮೆಟ್ಟಿಲು ಹತ್ತುವಾಗ ಕೆಳಗಿನ ಸಾಂಬಾರಿನ ಘಮ ಮೂಗಿಗೆ ಬಡಿದು, ಆಗಲೇ ಹಸಿವಾಗುತ್ತಿತ್ತು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ. ಕನ್ನಡ ಕಲಿತದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಹಾಗಾಗಿ ನನ್ನದು ಅಪ್ಪಟ ಪುಸ್ತಕದ ಕನ್ನಡ. ಬಾಯಿಬಿಟ್ಟರೆ ಊರಿನ ನೆಂಟರು ನಗುತ್ತಿದ್ದರು.

ನಮ್ಮ ಕಂಪನಿಯಲ್ಲಿ ‘ಅನ್‌ಲಿಮಿಟೆಡ್’ ಎಂಬ ಒಂದು ಖಾತೆ ಇತ್ತು. ಎಷ್ಟು ಹೊತ್ತು ಬೇಕಾದರೂ ಇಂಟರ್ನೆಟ್‌ನಲ್ಲಿರಬಹುದು. ಹೆಸರಿಗೆ ಹಾಗಿದ್ದರೂ ಯಾರು ತಾನೇ ದಿನವಿಡೀ ಕೂತಿರುತ್ತಾರೆ ಎಂದು ನಮ್ಮ ಸೇಠ್ ನಂಬಿದ್ದರು. ಮುಂಬೈ ಜನ ಕೂತರು. ಕೂತವರು ಏಳಲಿಲ್ಲ. ನಮ್ಮಲ್ಲಿದ್ದದ್ದು ಕೆಲವೇ ಲೈನುಗಳು. ಏಳದವರೇ ಅವನ್ನೆಲ್ಲ ಹಿಡಿದುಕೊಂಡರೆ ಉಳಿದವರಿಗೆ ನಮ್ಮ ನಂಬರೇ ಎಂಗೇಜ್ ಬರುತ್ತಿತ್ತು. ಅವರೆಲ್ಲ ಸೇರಿ ಬೈಯುತ್ತಿದ್ದದ್ದು ನನ್ನನ್ನು.

ಏಳದವರನ್ನು ಸಮಾಧಾನದಿಂದ ಎಬ್ಬಿಸುವುದು ನನ್ನ ಕೆಲಸವಾಯಿತು. ಆದರೆ ಅವರಿಗೆ ಫೋನ್ ಮಾಡುವುದು ಹೇಗೆ? ಅವರ ಫೋನು ನಮ್ಮದೇ ಲೈನಿನಲ್ಲಿ ಎಂಗೇಜ್! ಅದಕ್ಕೆ ನಾವೊಂದು ಉಪಾಯ ಕಂಡುಕೊಂಡಿದ್ದೆವು. ಒಳಗಿನ ಮಾಡೆಮ್ ರೂಮಿನಲ್ಲಿ ದಿನೇಶ್ ಎಂಬ ಕೊಂಕಣದ ಕಡೆಯ ಟೆಕ್ನೀಶಿಯನ್ ಇದ್ದ. ನಾನು ಗಿರಾಕಿಯ ನಂಬರನ್ನು ಕೊನೆಯ ಅಂಕಿಯೊಂದನ್ನು ಬಿಟ್ಟು ಒತ್ತಿ ಕಾಯಬೇಕು. ಅವನು ಅಲ್ಲಿಂದ ಅವರ ಲೈನ್ ಕಡಿದು “ಗಯಾ!” ಎಂದು ಕೂಗಬೇಕು. ಅವರ ಕಂಪ್ಯೂಟರ್ ಮತ್ತೆ ತಾನಾಗಿ ಡಯಲ್ ಮಾಡುವುದರೊಳಗೆ ನಾನು ಆ ಕೊನೆಯ ಅಂಕಿ ಒತ್ತಬೇಕು. ಗೆದ್ದರೆ ರಿಂಗ್, ಸೋತರೆ ಮತ್ತೆ ಎಂಗೇಜ್.

ಗೆದ್ದರೂ ಬೈಗುಳವೇ. “ಅನ್‌ಲಿಮಿಟೆಡ್ ಕಾ ಮತ್ಲಬ್ ಸಮಝಾವೋ ಮೇಡಂ,” ಎಂದು ಬೊರಿವಲಿಯ ಶೇರು ವ್ಯಾಪಾರಿಯೊಬ್ಬರು ಪ್ರತಿ ಸಲವೂ ಆ ಪದದ ಅರ್ಥ ಕೇಳಿ ನನ್ನಿಂದ ಇಂಗ್ಲಿಷ್ ಪಾಠ ಮಾಡಿಸುತ್ತಿದ್ದರು. ನಾನು ಜೇನಿನಂಥ ದನಿಯಲ್ಲಿ “ಜೀ ಸರ್, ಜೀ ಸರ್” ಎಂದು, ಫೋನಿಟ್ಟ ಮೇಲೆ ತುಳುವಿನಲ್ಲಿ ಮನಸಾರೆ ಬೈದುಕೊಳ್ಳುತ್ತಿದ್ದೆ.

ಚೆಂಬೂರಿನ ಒಂದು ಖಾತೆ ಮಾತ್ರ ಇವರ್ಯಾರ ಹಾಗೂ ಇರಲಿಲ್ಲ. ಹಗಲು ರಾತ್ರಿ ಲೈನಿನಲ್ಲಿ ಇರುತ್ತಿತ್ತು. ಕಡಿದರೆ ಆ ಕ್ಷಣವೇ ಮತ್ತೆ ಬಂದು ಕೂರುತ್ತಿತ್ತು. ಆದರೆ ಅದರಲ್ಲಿ ಏನೂ ಓಡಾಡುತ್ತಿರಲಿಲ್ಲ. ಒಂದು ಈಮೇಲ್ ಇಲ್ಲ, ಒಂದು ಪುಟ ತೆರೆದದ್ದಿಲ್ಲ. ದಿನೇಶ್ ತನ್ನ ಪರದೆ ತೋರಿಸಿ ಹೇಳಿದ, “ದೇಖೋ ಮೇಡಂ, ಲೈನ್ ಚಾಲೂ ಹೈ, ಲೇಕಿನ್ ಅಂದರ್ ಕೋಯಿ ನಹೀಂ. ಮುರ್ದಾ ಲೈನ್ ಹೈ.” ಲೈನ್ ಇದೆ, ಒಳಗೆ ಯಾರೂ ಇಲ್ಲ, ಹೆಣದ ಲೈನು. ನಾನು ನಕ್ಕೆ, ಅವನು ನಗಲಿಲ್ಲ.

ಒಂದು ಮಧ್ಯಾಹ್ನ ಆ ಲೈನ್ ಕಡಿಸಿದೆ. ಅದೃಷ್ಟಕ್ಕೆ ರಿಂಗ್ ಆಯಿತು. ಒಂದು ರಿಂಗ್ ಪೂರ್ತಿಯಾಗುವ ಮೊದಲೇ ಯಾರೋ ಎತ್ತಿದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಒಂದು ಹೆಣ್ಣುದನಿ ಪಿಸುಗುಟ್ಟಿತು, ಅದೂ ಕನ್ನಡದಲ್ಲಿ.

“ದಯವಿಟ್ಟು ಬಿಟ್ಬಿಡಿ. ನಾನು ಅವಳಲ್ಲ.”

ಲೈನ್ ಕಡಿಯಿತು. ನಾನು ರಿಸೀವರ್ ಹಿಡಿದುಕೊಂಡೇ ಕುಳಿತೆ. ಮುಂಬೈಯಲ್ಲಿ ಫೋನ್ ಎತ್ತಿದವರು ‘ಹಲೋ’ ಅನ್ನುತ್ತಾರೆ, ‘ಕೌನ್’ ಅನ್ನುತ್ತಾರೆ. ನಾನು ಕನ್ನಡದವಳೆಂದು ಮಾತಾಡುವ ಮೊದಲೇ ಆಕೆಗೆ ಹೇಗೆ ತಿಳಿಯಿತು? ಅವಳಲ್ಲ ಎಂದರೆ ಯಾರಲ್ಲ? ಕೆಳಗೆ ಹೋಗಿ ಅರ್ಧ ಲೋಟದ ಒಂದು ಕಟಿಂಗ್ ಚಾ ಕುಡಿದು ಬಂದ ಮೇಲೆಯೇ ಮುಂದಿನ ಗಿರಾಕಿಗೆ ಫೋನ್ ಮಾಡಲು ಆದದ್ದು.

ಮರುದಿನ ಮತ್ತೆ ಪ್ರಯತ್ನಿಸಿದೆ. ಈ ಸಲ ಆಕೆ ಮಾತಾಡುವ ಮೊದಲೇ ನಾನೇ ಗಡಿಬಿಡಿಯಿಂದ “ನಾನು ಇಂಟರ್ನೆಟ್ ಕಂಪನಿಯಿಂದ ಮಾತನಾಡುತ್ತಿದ್ದೇನೆ” ಎಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು.

“ಲೈನ್ ಕಟ್ ಮಾಡ್ತಿರೋದು ನೀವಾ?”

“ಹೌದು ಮೇಡಂ. ತಾವು ಬಹಳ ಹೊತ್ತು…”

“ಮಾಡ್ಬೇಡಿ. ಕೈ ಮುಗಿತೀನಿ. ನೀವು ಕಟ್ ಮಾಡಿದ ತಕ್ಷಣ ಅವರು ಬರ್ತಾರೆ.”

“ಯಾರು?” ಎಂದು ಕೇಳುವಷ್ಟರಲ್ಲಿ ಅವರ ಕಂಪ್ಯೂಟರು ನಮ್ಮ ಮಾತಿನ ಮಧ್ಯದಲ್ಲೇ ಡಯಲ್ ಮಾಡತೊಡಗಿ, ಕಿವಿಯೊಳಗೆ ಆ ಕಿರುಚಾಟ ನುಗ್ಗಿತು. ರಿಸೀವರನ್ನು ಎಸೆದುಬಿಟ್ಟೆ.

ಸೇಠ್‌ಗೆ ಇದೆಲ್ಲ ತಲೆಗೆ ಹೋಗಲಿಲ್ಲ. “ಮನೆಯ ಖಾತೆ ತಗೊಂಡು ಸೈಬರ್ ಕೆಫೆ ನಡೆಸುತ್ತಿದ್ದಾರೆ. ತುಮ್ ಜಾಕೆ ದೇಖೋ, ತುಮ್ಹಾರಿ ಭಾಷಾ ಕಾ ಆದ್ಮಿ ಹೈ,” ಎಂದರು. ನನ್ನ ಭಾಷೆಯವರೇ ಆದ್ದರಿಂದ, ಹೋಗಿ ಕಣ್ಣಾರೆ ನೋಡಿ, ಖಾತೆ ಮುಚ್ಚಬೇಕೋ ಬೇಡವೋ ಎಂದು ನಾನು ಹೇಳಬೇಕು. ಹೋಗಲಾರೆ ಎನ್ನಲು ನನಗೂ ಮನಸ್ಸಿರಲಿಲ್ಲ. ಹೆದರಿಕೆಗಿಂತ ಕುತೂಹಲ ದೊಡ್ಡದಾಗಿತ್ತು.

ದಾದರ್‌ನಲ್ಲಿ ಇಳಿದು, ಕುರ್ಲಾದಲ್ಲಿ ಮತ್ತೆ ಗಾಡಿ ಬದಲಿಸಿ ಚೆಂಬೂರು ತಲುಪಿದಾಗ ಊಟದ ಹೊತ್ತು ಮೀರಿತ್ತು. ಅದು ಕಾರ್ಖಾನೆಯೊಂದು ತನ್ನ ನೌಕರರಿಗೆ ಕೊಟ್ಟ ಬಿಲ್ಡಿಂಗು. ರಿಫೈನರಿಯ ಕಡೆಯಿಂದ ಬರುವ ವಾಸನೆ ಮೆಟ್ಟಿಲುಗಳಲ್ಲೂ ನಿಂತಿತ್ತು. ಗಂಡಸರೆಲ್ಲ ಕೆಲಸಕ್ಕೆ ಹೋಗಿ, ಹೆಂಗಸರು ಮಲಗಿ, ಇಡೀ ಕಟ್ಟಡದಲ್ಲಿ ಒಂದು ಕುಕ್ಕರಿನ ಶಿಳ್ಳೆಯೂ ಇರಲಿಲ್ಲ. ಬಾಗಿಲು ತೆರೆದವರು ನನಗಿಂತ ಸ್ವಲ್ಪ ಚಿಕ್ಕವರು. ಕಣ್ಣ ಕೆಳಗೆ ಕಪ್ಪು, ಕೈ ಹೊಟ್ಟೆಯ ಮೇಲೆ. ಹೆಸರು ಉಷಾ. ಮೈಸೂರಿನವರು. ಗಂಡ ಆ ಕಾರ್ಖಾನೆಯಲ್ಲಿ ಎಂಜಿನಿಯರ್. ಈ ಫ್ಲಾಟಿಗೆ ಬಂದು ವರ್ಷ ತುಂಬಿರಲಿಲ್ಲ.

ಒಳಗೆ ಸೈಬರ್ ಕೆಫೆಯೂ ಇಲ್ಲ, ಮಣ್ಣೂ ಇಲ್ಲ. ಮೂಲೆಯಲ್ಲಿ ಒಂದು ಕಂಪ್ಯೂಟರು. ಅದರ ಮೇಲೆ ಕಸೂತಿಯ ಹೊದಿಕೆ ಹೊದಿಸಿದ್ದು ಹಾಗೇ ಇತ್ತು. ಹೊದಿಕೆಯೊಳಗಿನಿಂದ ಫ್ಯಾನಿನ ಗುಂಯ್ ಸದ್ದು ಮಾತ್ರ ಬರುತ್ತಿತ್ತು. ಯಾರೂ ನೋಡದ ಕಂಪ್ಯೂಟರು ಮುಸುಕು ಹಾಕಿಕೊಂಡು ತನ್ನಷ್ಟಕ್ಕೆ ಉರಿಯುತ್ತಿರುವುದನ್ನು ಕಂಡು ನನಗೆ ಒಂದು ತರಹ ಆಯಿತು.

“ಇಂಟರ್ನೆಟ್ ಏನಕ್ಕೆ ಅಂತಾನೂ ನನಗೆ ಸರಿಯಾಗಿ ಗೊತ್ತಿಲ್ಲ,” ಎಂದರು ಉಷಾ. “ಅದು ಆನ್ ಇದ್ರೆ ಫೋನ್ ಬರಲ್ಲ ಅಂತ ಗೊತ್ತು. ಅಷ್ಟಕ್ಕೇ ಹಾಕಿಟ್ಟಿರ್ತೀನಿ.”

ಆಮೇಲೆ ಅವರು ಹೇಳಿದ್ದಿಷ್ಟು. ಈ ಮನೆಗೆ ಬಂದ ಹೊಸತರಲ್ಲಿ ಪ್ರತಿ ಮಧ್ಯಾಹ್ನ ಒಂದು ಫೋನ್ ಬರುತ್ತಿತ್ತು. ವಯಸ್ಸಾದ ಹೆಂಗಸಿನ ದನಿ. “ಊಟ ಆತೇನವಾ?” ಎಂದು ಕೇಳುತ್ತಿತ್ತು. ರಾಂಗ್ ನಂಬರ್ ಎಂದರೆ ಸುಮ್ಮನೆ ಇಡುತ್ತಿತ್ತು. ಮರುದಿನ ಮತ್ತೆ ಅದೇ ಹೊತ್ತಿಗೆ. ಒಮ್ಮೆ, “ಯಾಕ ನಿನ್ನ ದನಿ ಬದಲಾಗೇತಿ? ಮುಂಬೈ ನೀರು ಒಗ್ಗವಲ್ದೇನು?” ಎಂದಿತಂತೆ. ಇನ್ನೊಂದು ದಿನ, “ಈಗ ಎಷ್ಟು ತಿಂಗಳಾತು?” ಎಂದು ಕೇಳಿತಂತೆ.

“ಆಗ ನಾನು ನಮ್ಮನೆಯವರಿಗೂ ಹೇಳಿರಲಿಲ್ಲ,” ಎಂದರು ಉಷಾ. “ನನಗೇ ಖಾತ್ರಿ ಇರಲಿಲ್ಲ. ಆ ಹೆಂಗಸಿಗೆ ಹೇಗೆ ಗೊತ್ತಾಯ್ತು, ನೀವೇ ಹೇಳಿ?”

ಗಂಡನಿಗೆ ಹೇಳಿದರೆ ಯಾರೋ ಅರಳುಮರಳು ಮುದುಕಿ ಎಂದು ನಕ್ಕರಂತೆ. ನಂಬರ್ ಮನೆಗೇ ಸೇರಿದ್ದು, ಕಾರ್ಖಾನೆಯವರು ಕೊಟ್ಟದ್ದು, ಬದಲಿಸಲು ಅವರು ಒಪ್ಪಲಿಲ್ಲ. ರಿಸೀವರ್ ಎತ್ತಿ ಪಕ್ಕಕ್ಕಿಟ್ಟರೆ ಅದು ಮಲಗಿದಲ್ಲೇ ಊಳಿಡುತ್ತಿತ್ತು.

“ತಂತಿ ಕಿತ್ತಿಡಬಹುದಿತ್ತಲ್ಲ?” ಎಂದು ಕೇಳಿದೆ.

“ಕಿತ್ತೆ. ಇಲ್ಲಿ ಕೇಳಿಸದಿದ್ರೂ ಆ ಕಡೆ ರಿಂಗ್ ಆಗ್ತಾ ಇರುತ್ತೆ ಅಂತ ಗೊತ್ತಲ್ಲ. ಅದೇ ತಲೇಲಿ ಬಡಿಯೋದು. ಎಂಗೇಜ್ ಆಗಿದ್ರೆ ಎಲ್ಲೂ ರಿಂಗ್ ಆಗಲ್ಲ, ನೋಡಿ.” ಗೋಡೆಯತ್ತ ಕೈ ತೋರಿಸಿ ಹೇಳಿದರು, “ಈ ಮನೇಲಿ ಮುಂಚೆ ಯಾರಿದ್ರು ಅಂತ ಪಕ್ಕದ್ಮನೆ ಮರಾಠಿ ಕಾಕೂನ ಕೇಳಿದ್ರೆ ಮಾತು ಮರೆಸ್ತಾರೆ. ನನ್ನ ಹೊಟ್ಟೆ ನೋಡ್ತಾರೆ, ಮಾತು ಮರೆಸ್ತಾರೆ. ನನಗೆ ಈ ಮಗು ಉಳಿಯುತ್ತೋ ಇಲ್ವೋ ಅಂತ ಭಯ.”

ಅವರ ಭುಜ ಹಿಡಿದುಕೊಂಡು ಏನಾದರೂ ಧೈರ್ಯ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನ್ ರಿಂಗಾಯಿತು.

ಇಬ್ಬರೂ ಬೆಚ್ಚಿದೆವು. ಲೈನ್ ಹೇಗೆ ಖಾಲಿಯಾಯಿತು ಎಂದು ಒಂದು ಕ್ಷಣ ಹೊಳೆಯಲೇ ಇಲ್ಲ. ಆಮೇಲೆ ನೆನಪಾಯಿತು. ಮಧ್ಯಾಹ್ನ ಹೆಚ್ಚು ಕೂತವರನ್ನೆಲ್ಲ ಕಡಿಯುವುದು ದಿನೇಶನ ನಿತ್ಯದ ಕೆಲಸ. ಇವತ್ತು ಬೇಡ ಎಂದು ಹೇಳಿ ಬರಲು ನಾನು ಮರೆತಿದ್ದೆ.

ಉಷಾ ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡರು. ಕಿವಿಯನ್ನಲ್ಲ, ಹೊಟ್ಟೆಯನ್ನು. ಅದನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಆ ಕಂಪ್ಯೂಟರ್ ಆರಿಸಿ” ಎಂದು ಹೇಳಿ ಹೋಗಿ ರಿಸೀವರ್ ಎತ್ತಿದೆ. ಸಿಟ್ಟಿನಲ್ಲೂ ನನ್ನ ಬಾಯಿಂದ ಬಂದದ್ದು ಪುಸ್ತಕದ ಕನ್ನಡವೇ.

“ಹಲೋ, ತಾವು ಯಾರು? ಯಾರೊಂದಿಗೆ ಮಾತನಾಡಬೇಕಿತ್ತು?”

ಆ ಕಡೆ ಬಸ್ಸುಗಳ ಹಾರ್ನು ಕೇಳಿಸುತ್ತಿತ್ತು. ಅದರ ನಡುವೆ ಒಂದು ಮುದಿ ದನಿ ಹೇಳಿತು, “ನೀ ಯಾರವಾ? ಸಾಲಿ ಅಕ್ಕೋರ ಹಂಗ ಮಾತಾಡ್ತೀಯಲ್ಲ.”

ಶಾಲೆಯ ಟೀಚರ್ ಎನಿಸಿಕೊಂಡದ್ದಕ್ಕೆ ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ. “ಈ ಮನೆಯ ಹುಡುಗಿ ನಿಮ್ಮ ಫೋನಿಗೆ ಹೆದರಿ ಊಟ ನಿದ್ದೆ ಬಿಟ್ಟಿದ್ದಾಳೆ. ಯಾಕಮ್ಮ ಹೀಗೆ ಕಾಡುತ್ತೀರಿ?” ಎಂದು ದಬಾಯಿಸಿದೆ.

“ಕಾಡಬಾರದಂತನ ಇಷ್ಟು ದಿನ ಸುಮ್ಮನಿದ್ದೆ ನಮ್ಮವ್ವಾ. ಫೋನ್ ಹಚ್ಚತಿದ್ದೆ, ಎಂಗೇಜ್ ಬರ್ತಿತ್ತು, ಕೇಳಿ ಇಟ್ಟಬಿಡತಿದ್ದೆ. ಈಗೇನಾಗೇತಿ? ನಡುನಡುವ ಯಾಕ ರಿಂಗ್ ಆಗಾಕತ್ತೇತಿ?”

ನನಗೆ ಅರ್ಥವಾಗಲಿಲ್ಲ. ಎಂಗೇಜ್ ಬಂದರೆ ಜನ ಸಿಡಿಮಿಡಿಗೊಳ್ಳುತ್ತಾರೆ, ಈಕೆ ರಿಂಗ್ ಆದದ್ದಕ್ಕೆ ದೂರುತ್ತಿದ್ದಾಳೆ. “ಎಂಗೇಜ್ ಕೇಳಲು ಯಾರಾದರೂ ಫೋನ್ ಮಾಡುತ್ತಾರೆಯೇ?” ಎಂದೆ.

ಆಗ ಆಕೆ ನಿಧಾನವಾಗಿ ಹೇಳತೊಡಗಿದಳು. ವಿಜಾಪುರದ ಆಚೆಯ ಒಂದು ಊರು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದಳು. ಅವಳ ಮಗಳು ಕಸ್ತೂರಿ ಇದೇ ಮನೆಯಲ್ಲಿದ್ದಳು. ಅಳಿಯನಿಗೂ ಇದೇ ಕಾರ್ಖಾನೆಯಲ್ಲಿ ಕೆಲಸ. ಮಗಳು ಬಸುರಿಯಾದ ಮೇಲೆ ತಾಯಿ ಪ್ರತಿ ಮಧ್ಯಾಹ್ನ ಬೂತಿಗೆ ಬಂದು ಊಟವಾಯಿತೇ ಎಂದು ಕೇಳುತ್ತಿದ್ದಳು. ಎಷ್ಟೋ ಸಲ ಎಂಗೇಜ್ ಬರುತ್ತಿತ್ತು. ಮಗಳು ಮಾತಿನಮಲ್ಲಿ, ಗೆಳತಿಯರ ಜೊತೆ ಹರಟೆ. ತಾಯಿ ಬೈದುಕೊಂಡು ಮನೆಗೆ ಹೋಗುತ್ತಿದ್ದಳು. ಒಂದು ದಿನ ಎಂಗೇಜ್ ಬರಲಿಲ್ಲ, ರಿಂಗ್ ಆಯಿತು. ಆಗುತ್ತಲೇ ಇತ್ತು. ಮತ್ತೆ ಮತ್ತೆ ಹಚ್ಚಿಸಿದಳು. ಯಾರೂ ಎತ್ತಲಿಲ್ಲ. ಮಗಳು ಬಚ್ಚಲಲ್ಲಿ ಬಿದ್ದಿದ್ದಳು. ಮನೆಯಲ್ಲಿ ಇನ್ಯಾರೂ ಇರಲಿಲ್ಲ.

“ಅಕಿ ಇಲ್ಲ ಅಂತ ನನಗ ಗೊತ್ತೈತಿ,” ಎಂದಳು. “ನನಗೇನು ಹುಚ್ಚ ಹಿಡದಿಲ್ಲ. ಆದ್ರ ಎಂಗೇಜ್ ಸಪ್ಪಳ ಕೇಳಿದ್ರ ಯಾರ ಜೋಡಿನೋ ಹರಟಿ ಹೊಡ್ಯಾಕತ್ತಾಳ ಅನ್ಸತೈತಿ. ಅಷ್ಟ ಸಾಕು ನನಗ. ರಿಂಗ್ ಆದ್ರ ಎದಿ ಒಡೀತೈತಿ.”

ಮೊದಮೊದಲು ಉಷಾ ಫೋನ್ ಎತ್ತಿ ಕನ್ನಡದಲ್ಲಿ ‘ಹಲೋ, ಯಾರು’ ಎಂದಾಗ ಮೈಮರೆತು, ಮಗಳನ್ನು ಕೇಳುತ್ತಿದ್ದದ್ದನ್ನೇ ಕೇಳಿಬಿಟ್ಟಿದ್ದಳಂತೆ. ಊಟ, ದನಿ, ತಿಂಗಳು ಎಲ್ಲ. ಫೋನ್ ಎತ್ತುತ್ತಿದ್ದವಳು ನಿಜಕ್ಕೂ ಬಸುರಿ ಎಂದು ಅವಳಿಗೆ ಈಗಲೂ ಗೊತ್ತಿರಲಿಲ್ಲ.

ನಾನು ಗೋಡೆಗೆ ಒರಗಿ ನಿಂತೆ. ಒಬ್ಬಳು ಈ ಫೋನ್ ಬಾರದಿರಲೆಂದು ಲೈನನ್ನು ಎಂಗೇಜ್ ಇಡುತ್ತಿದ್ದಳು. ಇನ್ನೊಬ್ಬಳು ಆ ಎಂಗೇಜ್ ಕೇಳಿಯೇ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದಳು. ಒಬ್ಬರಿಗೊಬ್ಬರು ತಿಳಿಯದೆಯೇ ಇಬ್ಬರೂ ಸಮಾಧಾನ ಕಂಡುಕೊಂಡಿದ್ದರು. ನಡುವೆ ಲೈನ್ ಕಡಿದು ರಿಂಗ್ ಮಾಡಿಸಿದವರು ನಾವು, ಅನ್‌ಲಿಮಿಟೆಡ್ ಮಾರಿದವರು.

ಉಷಾ ನನ್ನ ಮುಖವನ್ನೇ ನೋಡುತ್ತಿದ್ದರು. ರಿಸೀವರಿಗೆ ಕೈ ಅಡ್ಡ ಹಿಡಿದು, “ಇವರ ಮಗಳು ಮೊದಲು ಈ ಮನೆಯಲ್ಲಿದ್ದಳಂತೆ. ಈಗಿಲ್ಲ” ಎಂದಷ್ಟೇ ಹೇಳಿದೆ.

“ಬಸುರಿಯಾಗಿದ್ಲಾ?”

ಸುಳ್ಳು ಹೇಳಬೇಕೆಂದುಕೊಂಡೆ. ನನ್ನ ಮುಖ ನನ್ನ ಮಾತು ಕೇಳಲಿಲ್ಲ. ಈಗ ಉಷಾ ಕುಸಿದು ಬೀಳುತ್ತಾರೆ ಎಂದೇ ನಾನು ಎಣಿಸಿದ್ದೆ. ಅವರು ಬಂದು ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡರು. ದನಿ ನಡುಗಲಿಲ್ಲ.

“ಅಮ್ಮ, ನೀವು ಅವತ್ತು ಕೇಳಿದ್ರಲ್ಲ. ಈಗ ಐದು ತಿಂಗಳು.”

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಉಷಾ “ಹೂಂ” ಎಂದರು. “ಇಲ್ಲ, ಒಬ್ಬಳೇ ಇರಲ್ಲ” ಎಂದರು. ಆಮೇಲೆ ತುಂಬ ಹೊತ್ತು ಅತ್ತರು. ನಾನು ಅಡುಗೆಮನೆಗೆ ಹೋಗಿ, ಪರರ ಮನೆ ಎಂಬ ಸಂಕೋಚವಿಲ್ಲದೆ, ಸಕ್ಕರೆ ಡಬ್ಬಿ ಹುಡುಕಿ ಚಹಾ ಮಾಡಿದೆ.

ಆಫೀಸಿಗೆ ಬಂದು “ಕೆಫೆಯೂ ಇಲ್ಲ, ಏನೂ ಇಲ್ಲ, ಇನ್ನು ಅವರು ಹೆಚ್ಚು ಕೂರುವುದಿಲ್ಲ” ಎಂದೆ. ನಿಜವಾಗಿಯೂ ಅವರು ಕೂರಲಿಲ್ಲ. ಮುರ್ದಾ ಲೈನ್ ಎದ್ದು ಹೋಯಿತೆಂದು ದಿನೇಶ್ ಕೈಮುಗಿದ. ನನಗೂ ಉಷಾಗೂ ಗೆಳೆತನವಾಯಿತು. ಒಮ್ಮೊಮ್ಮೆ ಮಧ್ಯಾಹ್ನ ಅವರಿಗೆ ಫೋನ್ ಮಾಡಿದರೆ ಎಂಗೇಜ್ ಬರುತ್ತಿತ್ತು. ಉಷಾ ಮತ್ತು ವಿಜಾಪುರದ ಅಮ್ಮ ಮಾತಿಗೆ ಕೂತಿದ್ದಾರೆ ಎಂದು ತಿಳಿದು ನಾನು ಫೋನ್ ಇಡುತ್ತಿದ್ದೆ. ದಿನವಿಡೀ ಬೈಸಿಕೊಳ್ಳುತ್ತಿದ್ದ ನನಗೆ ಆ ಎಂಗೇಜ್ ಸದ್ದು ಹಿತವಾಗಿರುತ್ತಿತ್ತು. ಆ ತಾಯಿ ಹೇಳಿದ್ದು ನನಗೆ ಅರ್ಥವಾದದ್ದು ಆಗ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ.

ಉಷಾಗೆ ದಿನ ತುಂಬುತ್ತ ಬಂದಿತ್ತು. ಒಂದು ಮಧ್ಯಾಹ್ನ ಹೇಗಿದ್ದಾರೆಂದು ಕೇಳಲು ಫೋನ್ ಮಾಡಿದೆ. ಎಂಗೇಜ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ. ಎಂಗೇಜ್. ಸಂಜೆಗೆ ಹೊರಡುವ ಮುಂಚೆಯೂ ಎಂಗೇಜ್. ಇಷ್ಟು ಹೊತ್ತು ಅದೇನು ಮಾತೋ ಎಂದು ನಗುತ್ತಲೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಉಷಾ ಅವರದೇ ಫೋನ್. ದನಿ ಸೋತಿತ್ತು, ಆದರೆ ಸಂತೋಷವಾಗಿತ್ತು. ಹೆಣ್ಣು ಮಗು. ನರ್ಸಿಂಗ್ ಹೋಮಿನ ಕೌಂಟರಿನಿಂದ ಮಾತಾಡುತ್ತಿದ್ದರು.

“ನಿನ್ನೆ ಇಡೀ ದಿನ ಅಮ್ಮನ ಜೊತೆ ಹರಟೆ ಹೊಡೆದು, ರಾತ್ರಿ ಹೋಗಿ ಹೆತ್ತಿರಾ?” ಎಂದು ಗೇಲಿ ಮಾಡಿದೆ.

“ಎಲ್ಲಿಯ ಹರಟೆ! ನಿನ್ನೆ ಬೆಳಿಗ್ಗೇನೇ ಇಲ್ಲಿಗೆ ಬಂದ್ವಿ. ಇಬ್ಬರೂ ಇಲ್ಲೇ ಇದೀವಿ. ಮನೆಗೆ ಬೀಗ.”

ನನ್ನ ನಗು ನಿಂತುಹೋಯಿತು. ಅವರಿಗೆ ಏನೂ ಹೇಳದೆ ಫೋನ್ ಇಟ್ಟೆ. ಬೀಗ ಹಾಕಿದ ಮನೆಯಲ್ಲಿ ದಿನವಿಡೀ ಫೋನಿನಲ್ಲಿದ್ದವರು ಯಾರು? ಮಾಡೆಮ್ ರೂಮಿಗೆ ಓಡಿದೆ. ಆ ಖಾತೆ ನಿನ್ನೆ ನಮ್ಮ ಲೈನಿಗೆ ಬಂದೇ ಇಲ್ಲ ಎಂದ ದಿನೇಶ್. ಆ ಮನೆಯಲ್ಲಿ ಫೋನ್ ಹಿಡಿದು ಹರಟುತ್ತಿದ್ದ ಇನ್ನೊಬ್ಬಳು, ಆ ಕಸ್ತೂರಿ, ನೆನಪಾದಳು. ಹಾಡಹಗಲು, ಕೆಳಗೆ ಹೋಟೆಲಿನ ಗದ್ದಲ, ಎದುರಿಗೆ ರಸ್ತೆ ತುಂಬ ಜನ. ಆದರೂ ದಿನೇಶನ ಕುರ್ಚಿಯ ಹತ್ತಿರಕ್ಕೆ ಸರಿದೆ. ಅವನಿಗೆ ತೊದಲುತ್ತ ಎಲ್ಲ ಹೇಳಿದೆ.

ಅವನು ಒಂದು ಕ್ಷಣ ಯೋಚಿಸಿ ತಲೆ ಕೊಡವಿದ. “ಭೂತ್-ವೂತ್ ಕುಛ್ ನಹೀಂ ಮೇಡಂ. ದೂಸ್ರಾ ಕೋಯಿ ಉಸಿ ನಂಬರ್ ಪೆ ರಿಂಗ್ ದೇ ರಹಾ ಹೋ, ತೋ ಆಪ್ ಕೋ ಎಂಗೇಜ್ ಹೀ ಮಿಲೇಗಾ.”

ಬೇರೆ ಯಾರೋ ಅದೇ ನಂಬರಿಗೆ ಫೋನ್ ಮಾಡುತ್ತಿದ್ದರೆ, ಅಲ್ಲಿ ರಿಂಗ್ ಆಗುತ್ತಿರುವಷ್ಟು ಹೊತ್ತು ನನಗೆ ಎಂಗೇಜ್. ಅಷ್ಟೇ ವಿಷಯ. ಸಮಾಧಾನದ ಉಸಿರು ಬಿಡಬೇಕಿತ್ತು. ಬಿಡಲಾಗಲಿಲ್ಲ. ನನಗೆ ಎಂಗೇಜ್ ಕೇಳಿಸುತ್ತಿದ್ದ ಅಷ್ಟೂ ಹೊತ್ತು ವಿಜಾಪುರದ ಆ ತಾಯಿಗೆ ಕೇಳಿಸಿದ್ದು ರಿಂಗ್. ಅದೇ ಮನೆ, ಅದೇ ಮಧ್ಯಾಹ್ನದ ಹೊತ್ತು, ದಿನ ತುಂಬಿದ ಹುಡುಗಿ, ಎತ್ತದ ಫೋನು. ಬೂತಿನವನನ್ನು ಕಾಡಿ ಬೇಡಿ ಸಂಜೆಯವರೆಗೂ ಹಚ್ಚಿಸಿದ್ದಾಳೆ. ದೆವ್ವಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಅದು.

ಆಕೆಯ ನಂಬರ್ ಯಾರ ಬಳಿಯೂ ಇರಲಿಲ್ಲ. ಬೂತು ಯಾವುದೋ, ಊರಿನ ಹೆಸರೂ ನನಗೆ ಸರಿಯಾಗಿ ನೆನಪಿರಲಿಲ್ಲ. ಆಕೆಯನ್ನು ತಲುಪಲು ಒಂದೇ ದಾರಿ, ಆ ಫೋನಿನ ಹತ್ತಿರ ಹೋಗಿ ಕೂರುವುದು. ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಉಷಾರ ಗಂಡನನ್ನು ಕರೆಸಿದೆ. ಕೀಲಿ ಪಕ್ಕದ ಕಾಕು ಹತ್ತಿರ ಇದೆ ಎಂದರು. ನನಗೆ ಹೊಟ್ಟೆನೋವು ಎಂದು ಸೇಠ್‌ಗೆ ಹೇಳಿ ಓಡಿದೆ. ದಾದರ್‌ನಲ್ಲಿ ಗಾಡಿ ತಡ, ಕುರ್ಲಾದಲ್ಲಿ ಇನ್ನೂ ತಡ. ಆಕೆ ಇವತ್ತು ಬೂತಿಗೆ ಬಾರದಿದ್ದರೆ? ಬಂದು, ನಾನು ತಲುಪುವುದರೊಳಗೆ ಎದ್ದು ಹೋದರೆ? ದಾರಿಯುದ್ದಕ್ಕೂ ಇದೇ ಚಿಂತೆ.

ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. ಮುಚ್ಚಿದ ಬಾಗಿಲಿನ ಹಿಂದೆ ಫೋನ್ ರಿಂಗ್ ಆಗುತ್ತಿತ್ತು.

ಕಾಕು ಕೀಲಿ ಹಿಡಿದು ತಮ್ಮ ಬಾಗಿಲಲ್ಲೇ ನಿಂತಿದ್ದರು, ಮುಖ ಬಿಳುಚಿಕೊಂಡಿತ್ತು. “ಕಾಲ್‌ಪಾಸೂನ್ ವಾಜತಯ್ ಗ,” ಎಂದರು. ನಿನ್ನೆಯಿಂದ ಬಾರಿಸುತ್ತಲೇ ಇದೆ. ಅವರ ಹತ್ತಿರ ಕೀಲಿ ಇದ್ದರೂ ಒಳಗೆ ಹೋಗಲು ಧೈರ್ಯ ಬಂದಿರಲಿಲ್ಲ. ಹಿಂದೊಮ್ಮೆ ಇದೇ ಬಾಗಿಲಿನಾಚೆ ಇದೇ ಸದ್ದನ್ನು ಅವರೂ ಕೇಳಿದ್ದರು.

ಬೀಗಕ್ಕೆ ಕೀಲಿ ಹಾಕಿದೆ, ತಿರುಗಲೊಲ್ಲದು. ಒಳಗೆ ರಿಂಗ್ ನಿಂತಿತು. ಬಾಗಿಲು ತೆರೆದೆ. ಕಿಟಕಿ ಪರದೆ ಎಳೆದಿದ್ದ ಕತ್ತಲ ಕೋಣೆ, ಮುಸುಕು ಹಾಕಿದ ಕಂಪ್ಯೂಟರು, ಸದ್ದಿಲ್ಲದ ಫೋನು. ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಇನ್ನೊಮ್ಮೆ, ತಾಯಿ, ಇನ್ನೊಂದೇ ಒಂದು ಸಲ ಹಚ್ಚು ಎಂದು ಬೇಡಿಕೊಂಡೆ. ದೇವರನ್ನಲ್ಲ, ಆಕೆಯನ್ನೇ.

ರಿಂಗ್ ಆಯಿತು. ಬಾಚಿ ಎತ್ತಿಕೊಂಡೆ. ಆ ಕಡೆ ಬಸ್ಸುಗಳ ಹಾರ್ನು. ಆಮೇಲೆ ಉಸಿರು ಮಾತ್ರ. ಹಲೋ ಎನ್ನಲೂ ಆಕೆಗೆ ಹೆದರಿಕೆ. ನನ್ನ ಪುಸ್ತಕದ ಕನ್ನಡವೂ ತುಂಡು ತುಂಡಾಗಿ ಬಂತು.

“ಅಮ್ಮ, ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆಸ್ಪತ್ರೆಯಲ್ಲಿದ್ದಾರೆ, ಅದಕ್ಕೇ ಫೋನ್ ಎತ್ತಲಿಲ್ಲ. ಅದಕ್ಕೇ, ಅಷ್ಟಕ್ಕೇ.”

ಆಕೆ ಮಗುವಿನ ವಿಷಯವನ್ನೂ ಕೇಳಲಿಲ್ಲ. ಬಾಯಿಯನ್ನು ರಿಸೀವರಿನಿಂದ ಆಚೆ ತಿರುಗಿಸಿ ಬೂತಿನವನಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು.

“ಎತ್ತಿದ್ರಪಾ! ಎತ್ತಿದ್ರು!”

ಈಗ ಡಯಲ್ ಮಾಡುವ ಇಂಟರ್ನೆಟ್ಟೂ ಇಲ್ಲ, ನಮ್ಮ ಆ ಕಂಪನಿಯೂ ಇಲ್ಲ. ನನ್ನ ಮೊಬೈಲಿಗೆ ಸಾಲ ಬೇಕೆ, ಫ್ಲಾಟ್ ಬೇಕೆ ಎಂದು ಕೇಳುವವರದೇ ಕಾಟ. ಗೊತ್ತಿಲ್ಲದ ನಂಬರ್ ಎತ್ತಬೇಡ ಎಂದು ಮಗಳು ಬೈಯುತ್ತಾಳೆ. ಅವಳು ಹೇಳುವುದು ಸರಿ. ಆದರೆ ಯಾವ ಫೋನೇ ಆಗಲಿ, ರಿಂಗ್ ಆಗಿ ಆಗಿ ತಾನಾಗಿ ನಿಲ್ಲುವುದನ್ನು ಸಹಿಸುವುದು ನನ್ನಿಂದ ಆಗುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ, ಓಡಿ ಹೋಗಿ ಎತ್ತುತ್ತೇನೆ.